ಗೀಟು ಎಳೆದ ಒಪ್ಪಿಗೆ ಪತ್ರ

ಮೊದಲಿಗೆ ಒಂದು ಅರಿಕೆ. ನಾನು ಬರವಣಿಗೆಯಲ್ಲಿ ಪಳಗಿದವಳಲ್ಲ. ಕಾಲೇಜು ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಕೇಸ್ ಶೀಟುಗಳಲ್ಲಿ: ಜ್ವರ ಎಷ್ಟು, ನಾಡಿ ಎಷ್ಟು, ಯಾವ ಹೊತ್ತಿಗೆ ಯಾವ ಮಾತ್ರೆ. ಅಲ್ಲಿ ವಾಕ್ಯ ಉದ್ದವಾದರೆ ಬೈಗುಳ ಬೀಳುತ್ತದೆ. ಆದ್ದರಿಂದ ಈ ಬರಹದಲ್ಲಿ ಹಿಂದುಮುಂದಾಗಿರಬಹುದು, ಮುಖ್ಯವಾದದ್ದು ಬಿಟ್ಟುಹೋಗಿರಬಹುದು, ಕೆಲವು ಪದಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರದೆ ಇರಬಹುದು. ಅವಕ್ಕೆಲ್ಲ ಓದುಗರ ಕ್ಷಮೆ ಕೋರುತ್ತೇನೆ. ಈ ಕ್ಷಮೆ ಹೇಳಿದ ರೀತಿಗೆ ಮಾತ್ರ. ಮಾಡಿದ ಕೆಲಸಕ್ಕೆ ಕ್ಷಮೆ ಕೇಳೆಂದು ನನ್ನ ಮುಂದೊಮ್ಮೆ ಕಾಗದ ಇಟ್ಟಿದ್ದರು. ಅದಕ್ಕೆ ಆಗಲೂ ಸಹಿ ಹಾಕಲಿಲ್ಲ, ಈಗಲೂ ಹಾಕುವುದಿಲ್ಲ.

ನಮ್ಮದು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಕಡೆಯ ಒಕ್ಕಲುತನದ ಮನೆ. ಒಂದಷ್ಟು ರಾಗಿ ಹೊಲ, ಒಂದಷ್ಟು ಹಿಪ್ಪುನೇರಳೆ ತೋಟ, ವರ್ಷಕ್ಕೆ ನಾಲ್ಕೈದು ಬೆಳೆ ರೇಷ್ಮೆಹುಳು. ಆ ಮನೆಯಲ್ಲಿ ಪದವಿ ಪಡೆದ ಮೊದಲಿಗಳು ನಾನು. ನರ್ಸಿಂಗ್ ಮುಗಿಸಿ ರಾಮನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿ, ಅಲ್ಲಿನ ಹೆಂಗಸರ ವಾರ್ಡಿನಲ್ಲಿ ನಾಲ್ಕು ವರ್ಷ ಕಳೆದಿದ್ದೆ. ಅವ್ವ ಅಕ್ಕಪಕ್ಕದವರ ಮುಂದೆ, "ಡಾಕ್ಟ್ರು ಮರ್ತಿದ್ನ ನನ್ ಮಗ್ಳೇ ಗ್ಯಾಪಕ ಮಾಡದು" ಎಂದು ಹೇಳಿಕೊಳ್ಳುತ್ತಿದ್ದಳು. ಅದು ನಿಜವಲ್ಲ. ಆದರೂ ಅವಳನ್ನು ತಿದ್ದುವ ಮನಸ್ಸು ನನಗೆ ಬರುತ್ತಿರಲಿಲ್ಲ.

ಅವ್ವನಿಗೆ ಸಕ್ಕರೆ ಕಾಯಿಲೆ. ಕೊಯ್ಲು ಮುಗಿದ ರಾಗಿ ಹೊಲದಲ್ಲಿ ಬರಿಗಾಲಲ್ಲಿ ನಡೆದು ಬಲಗಾಲಿಗೆ ಕೂಳೆ ಚುಚ್ಚಿಸಿಕೊಂಡಳು. ಹುಳು ಮನೆಯ ಕೆಲಸ ಬಿಡುವಂತಿರಲಿಲ್ಲವಾದ್ದರಿಂದ ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಓಡಾಡಿದಳು. ಅಪ್ಪ ನನಗೆ ಫೋನು ಮಾಡುವ ವೇಳೆಗೆ ಕಿರುಬೆರಳು ಪೂರ್ತಿ ಕಪ್ಪಾಗಿ ಅದರ ಪಕ್ಕದ ಬೆರಳೂ ಬಣ್ಣ ತಿರುಗಿತ್ತು. ನಾನೇ ಹೋಗಿ ಕರೆತಂದು ನನ್ನ ವಾರ್ಡಿನಲ್ಲೇ ಸೇರಿಸಿದೆ. ಸರ್ಜನ್ ನೋಡಿದರು. "ಎರಡು ಬೆರಳು ತೆಗೆದರೆ ಪಾದ ಉಳಿಯುತ್ತೆ. ಮೂರು ನಾಲ್ಕು ದಿನಕ್ಕಿಂತ ತಡವಾದರೆ ಮೊಣಕಾಲ ಕೆಳಗೆ ಎಲ್ಲಿ ಕತ್ತರಿಸಬೇಕಾಗುತ್ತೋ ನಾನು ಹೇಳಲಾರೆ" ಎಂದರು.

ಅವ್ವ ಇದನ್ನು ಕೇಳಿ ಅಂಜಲಿಲ್ಲ. "ಕಿತ್ತಾಕ್ಬುಡಿ ಸಾ, ಅದ್ರಲ್ಲೇನು ಬೆಳೆ ಬತ್ತದಾ?" ಎಂದು ಸರ್ಜನ್ ಅವರನ್ನೇ ನಗಿಸಿದಳು. ಗಾಯ ತೊಳೆದು ಕಟ್ಟುವಾಗ ಎಂಥ ಗಟ್ಟಿಗರೂ ಹಲ್ಲು ಕಚ್ಚುತ್ತಾರೆ. ಅವ್ವ ಪಕ್ಕದ ಹಾಸಿಗೆಯವಳೊಡನೆ ಹಿಪ್ಪುನೇರಳೆ ಸೊಪ್ಪಿನ ಮಾತಾಡುತ್ತಲೇ ಕಟ್ಟಿಸಿಕೊಂಡಳು.

ಮರುದಿನ ಬೆಳಿಗ್ಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಒಪ್ಪಿಗೆ ಪತ್ರ ಮತ್ತು ಇಂಕ್ ಪ್ಯಾಡ್ ಹಿಡಿದು ಬಂದರು. ಅವ್ವ ಪ್ಯಾಡನ್ನು ನೋಡಿದವಳೇ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದಳು. ಹಣೆಯಲ್ಲಿ ಬೆವರು ಬಂತು. ರಕ್ತದೊತ್ತಡ ನೋಡಿದರೆ ಇನ್ನೂರು ದಾಟಿತ್ತು. ಅರಿವಳಿಕೆ ವೈದ್ಯರು, "ಈ ಬಿ.ಪಿ.ಗೆ ನಾನು ಸೂಜಿ ಹಾಕೋದಿಲ್ಲ" ಎಂದು ಕೇಸ್ ಶೀಟಿನಲ್ಲಿ ಬರೆದು ಹೋದರು. ಹೆಬ್ಬೆಟ್ಟೂ ಬೀಳಲಿಲ್ಲ, ಆಪರೇಷನ್ನೂ ಆಗಲಿಲ್ಲ.

ಇದು ಕತ್ತಿಯ ಭಯವೆಂದು ನಾನು ತೀರ್ಮಾನಿಸಿದೆ. ರೋಗಿಯ ಭಯ ನಿವಾರಣೆಯ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ರೋಗಿಯ ಕಣ್ಣಿನ ಮಟ್ಟದಲ್ಲಿ ಕುಳಿತುಕೊಳ್ಳಬೇಕು, ಕೈ ಮುಟ್ಟಬೇಕು, ದೀರ್ಘವಾಗಿ ಉಸಿರಾಡಿಸಬೇಕು, ಧೈರ್ಯದ ಮಾತು ಹೇಳಬೇಕು. ಅಷ್ಟನ್ನೂ ಮಾಡಿದೆ. ನನ್ನ ಜೊತೆಯ ಸಿಸ್ಟರುಗಳು ಹೊಸ ಬೆಡ್‌ಶೀಟ್ ಹಾಸಿದರು, ಸಕ್ಕರೆಯಿಲ್ಲದ ಕಾಫಿ ತಂದರು, ಬಾಯಿ ತುಂಬ ಅಮ್ಮಾ ಎಂದರು. "ಏನೂ ಇಲ್ಲ ಕಣವ್ವ, ಒಂದು ಹೆಬ್ಬೆಟ್ಟು ಅಷ್ಟೇ" ಎಂದು ನಾನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ನಾವು ಮೆತ್ತಗಾದಷ್ಟೂ ಅವಳ ಮುಷ್ಟಿ ಬಿಗಿಯಾಯಿತು. ಕಾಗದ ಕಣ್ಮರೆಯಾದರೆ ಒತ್ತಡ ಇಳಿಯುತ್ತಿತ್ತು. ಅದನ್ನು ಗಂಟೆಗೊಮ್ಮೆ ನಾನೇ ಬರೆದಿಟ್ಟೆ. ಬರೆದದ್ದನ್ನು ಓದಿಕೊಳ್ಳಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಪಿತ್ತಕೋಶದ ಕಲ್ಲಿಗೆಂದು ಸೇರಿದ್ದ ಚನ್ನಪಟ್ಟಣದ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. "ಏನ್ ಸಿಸ್ಟ್ರೇ, ನಿಮ್ಮವ್ವುಂಗೆ ಮದ್ವೆ ಎಣ್ಣುಗ್ ಮಾಡ್ದಂಗೆ ಉಪಚಾರ ಮಾಡ್ತಿದ್ದೀರಿ. ಒಸಿ ನಮ್ ಕಡೀಕೂ ತಿರ್ಗಿ" ಎಂದಳು. ವಾರ್ಡಿಗೆ ವಾರ್ಡೇ ನಕ್ಕಿತು. ಅವ್ವ ನಗಲಿಲ್ಲ.

ಅಂದು ಮಧ್ಯಾಹ್ನ ನನ್ನ ಸೋದರಮಾವ ಬಂದರು. ಅವ್ವನ ತಮ್ಮ. ತವರು ಬೈರಮಂಗಲದ ಹತ್ತಿರ. ಮಾವನ ಮಗಳನ್ನು ನನ್ನ ತಮ್ಮನಿಗೆ ತಂದುಕೊಳ್ಳುವ ಮಾತು ಆಗ ನಡೆದಿತ್ತು. ಸೇಬಿನ ಹಣ್ಣು, ಎಳನೀರು ತಂದಿದ್ದರು. ನಾನು ಅವ್ವನ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದೆ.

"ಏನಕ್ಕ ಇದು, ಸಣ್ ಮಗೀನಂಗೆ ಅಟ ಮಾಡ್ತಿದ್ದೀಯಂತೆ?" ಎಂದು ಮಂಚದ ಅಂಚಿನಲ್ಲಿ ಕುಳಿತು ಅವಳ ತಲೆ ಸವರಿದರು. "ಏನೂ ಇಲ್ಲ ಕಣಕ್ಕ. ಒಂದು ಎಬ್ಬೆಟ್ಟು, ಅಷ್ಟೇಯ. ಒತ್ಬುಡು, ನಾನಿಲ್ವಾ?"

ಒತ್ತಡ ತೋರಿಸುವ ಅಂಕಿ ನನ್ನ ಕಣ್ಣೆದುರಿಗೇ ಏರಿತು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.

"ನೀ ಓಗಪ್ಪ, ಬಸ್ಸು ತಪ್ಪೋಯ್ತದೆ."

"ನಾನು ಕಾರಲ್ ಬಂದಿವ್ನಿ ಕಣಕ್ಕ."

"ಅಂಗಾರೆ ಕಾರು ತಪ್ಪೋಯ್ತದೆ. ಓಗು."

ಚನ್ನಪಟ್ಟಣದವಳು ಸೆರಗು ಬಾಯಿಗೆ ಒತ್ತಿಕೊಂಡಳು. ಮಾವ ಹುಸಿನಗೆ ನಕ್ಕು, ನನ್ನನ್ನು ಬಾಗಿಲ ಬಳಿ ಕರೆದು, "ನೀನು ಓದಿರೋಳು ಕಣವ್ವ. ಅಕ್ಸರ ಬಾರ್ದೋಳ ಮಾತ್ ಕೇಳ್ಕಂಡ್ ಕೂತ್ಕಂಡ್ರೆ ಕಾಲು ಓಯ್ತದೆ. ಎಂಗೋ ಒತ್ತುಸ್ಕ" ಎಂದು ಹೇಳಿ ಹೊರಟರು.

ಎರಡನೆಯ ಬೆಳಿಗ್ಗೆಯೂ ಮೊದಲನೆಯದರಂತೆಯೇ ಕಳೆಯಿತು. ಸರ್ಜನ್ ಕಟ್ಟು ಬಿಚ್ಚಿ ನೋಡಿ, ಕಪ್ಪು ಎಲ್ಲಿಯವರೆಗೆ ಬಂದಿದೆಯೆಂದು ಪೆನ್ನಿನಲ್ಲಿ ಗುರುತು ಮಾಡಿದರು. ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಅವರು ಕೆಟ್ಟವರಲ್ಲ. ದಿನಕ್ಕೆ ಅಷ್ಟೊಂದು ಕಾಗದಗಳಿಗೆ ಹೆಬ್ಬೆಟ್ಟು ಒತ್ತಿಸುವ ಯಾರಿಗೂ ಒಬ್ಬೊಬ್ಬರ ಬೆರಳಿನ ಚರಿತ್ರೆ ಕೇಳಲು ಪುರುಸೊತ್ತು ಇರುವುದಿಲ್ಲ. "ನೋಡಮ್ಮ, ಶಾಂತವಾಗಲಿ ಅಂತ ಡಾಕ್ಟರ್ ಮಾತ್ರೆ ಬರೆದಿದ್ದಾರೆ. ಕೊಡು. ಮಂಪರು ಹತ್ತಿದ ಮೇಲೆ ಕೈ ಸಡಿಲ ಆಗುತ್ತೆ. ನೀನೇ ಮಗಳು, ನೀನು ಬೆರಳು ಹಿಡಿದು ಒತ್ತಿಸಿದರೆ ಯಾರು ಕೇಳ್ತಾರೆ? ನಾಳೆ ಬೆಳಿಗ್ಗೆ ಮೊದಲನೇ ಕೇಸು ಹಾಕಿಸ್ತೀನಿ" ಎಂದರು.

ಎಚ್ಚರವಿರುವ ರೋಗಿಯ ಒಪ್ಪಿಗೆಯನ್ನು ರೋಗಿಯೇ ಕೊಡಬೇಕೆಂಬುದು ನನಗೆ ಗೊತ್ತಿತ್ತು. ಕಾಲು ಹೋಗುತ್ತದೆಂಬುದೂ ಗೊತ್ತಿತ್ತು. ನಾನು ಮಾತ್ರೆ ಕೊಟ್ಟೆ. ಅರ್ಧ ಗಂಟೆಯ ನಂತರ ಅವ್ವನ ರೆಪ್ಪೆ ಇಳಿಯಿತು. ಪಕ್ಕದಲ್ಲಿ ಪ್ಯಾಡು, ಕಾಗದ ಇಟ್ಟುಕೊಂಡು, ಅವಳ ಮುಷ್ಟಿಯ ಬೆರಳುಗಳನ್ನು ಕಿರುಬೆರಳಿನಿಂದ ಆರಂಭಿಸಿ ಒಂದೊಂದಾಗಿ ಬಿಡಿಸತೊಡಗಿದೆ. ಇದನ್ನು ನಾನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಕಣ್ಣು ತೆರೆಯದೆಯೇ ಅವ್ವ ಹೇಳಿದಳು: "ನಿಮ್ಮಾವನೂ ಇಂಗೇ ಇಡ್ಕಂಡಿದ್ದ ಕಣ್ ಮಗ. ಇಷ್ಟೇ ಮೆತ್ತಗೆ."

ನನ್ನ ಕೈ ಅಲ್ಲೇ ನಿಂತಿತು. ಕಾಗದ, ಪ್ಯಾಡು ಎರಡನ್ನೂ ಟ್ರೇಯಲ್ಲಿಟ್ಟು ದೂರ ತಳ್ಳಿ, ಅವಳಿಗೆ ಮಂಪರು ಇಳಿಯುವವರೆಗೆ ಕುಳಿತೆ. ಸಂಜೆಯ ಹೊತ್ತಿಗೆ ಅವ್ವ ಎದ್ದು ನೀರು ಕುಡಿದು, ನಾನು ಕೇಳದಿದ್ದರೂ ಹೇಳಿದಳು.

ಅವಳ ಅಪ್ಪ ತೀರಿಕೊಂಡ ಮರುವರ್ಷ. ನಾನಾಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳ ತಮ್ಮ, ಅಂದರೆ ನನ್ನ ಮಾವ, ಸೀರೆ, ಬಳೆ, ಅರಿಶಿನ ಕುಂಕುಮ ತಂದು, ಅಪ್ಪನ ಜಮೀನಿನ ಖಾತೆ ಬದಲಾಯಿಸಲು ಮನೆಯವರೆಲ್ಲರ ಹೆಬ್ಬೆಟ್ಟು ಬೇಕೆಂದು ರಾಮನಗರಕ್ಕೆ ಕರೆದುಕೊಂಡು ಹೋದ. ದಾರಿಯಲ್ಲಿ ಹೋಟೆಲಿನಲ್ಲಿ ದೋಸೆ ಕೊಡಿಸಿದ. ಅಷ್ಟು ಪ್ರೀತಿಯಿಂದ ಅವನು ಹಿಂದೆಂದೂ ಮಾತಾಡಿರಲಿಲ್ಲವಂತೆ.

"ಏನೂ ಇಲ್ಲ ಕಣಕ್ಕ, ಒಂದು ಎಬ್ಬೆಟ್ಟು ಅಷ್ಟೇ ಅಂದ. ಓದಿ ಯೋಳ್ಲಾ ಅಂದೆ. ಓದೋದೇನಕ್ಕ, ನಾನಿಲ್ವಾ ಅಂದ. ಕಾಗ್ದದ ಮದ್ಯದಲ್ಲಿ ಬೆಳ್ಳಗಿತ್ತು ಕಣ್ ಮಗ, ಬರ್ದಿರ್ನಿಲ್ಲ. ಓದಕ್ ಬರಾಕಿಲ್ಲ, ದಿಟ. ಬೆಳ್ಳಗಿರದು ಕಾಣಾಕಿಲ್ವಾ ನಂಗೆ?"

ನನ್ನನ್ನು ನರ್ಸಿಂಗ್ ಕಾಲೇಜಿಗೆ ಸೇರಿಸುವಾಗ ಅವ್ವ ತನ್ನ ಭಾಗವನ್ನು ಕೇಳಲು ತವರಿಗೆ ಹೋಗಿದ್ದಳು. ಆ ತಮ್ಮ ಮನೆಯೊಳಗಿನಿಂದ ಒಂದು ಕಾಗದ ತಂದು, ನೀನೇ ಬಿಟ್ಟುಕೊಟ್ಟಿದ್ದೀಯಲ್ಲ, ಇದು ನಿನ್ನದೇ ಹೆಬ್ಬೆಟ್ಟು, ಎಂದು ತೋರಿಸಿ ಕಳುಹಿಸಿದ. ಅವ್ವ ಅದನ್ನು ನಮಗಾರಿಗೂ ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಹೇಳಿದ್ದರೆ ತವರಿನ ಬಾಗಿಲು ಮುಚ್ಚುತ್ತಿತ್ತು. ಪ್ರತಿ ಗೌರಿ ಹಬ್ಬಕ್ಕೂ ತಮ್ಮ ತಂದ ಬಾಗಿನ ಹಿಡಿದು, ಅವನಿಗೆ ಊಟ ಬಡಿಸಿ ಕಳುಹಿಸಿದ್ದಳು.

ನಾನು ತಲೆ ತಗ್ಗಿಸಿ ಕುಳಿತಿದ್ದೆ. ನಾಲ್ಕು ವರ್ಷಗಳಲ್ಲಿ ಅದೇ ವಾರ್ಡಿನಲ್ಲಿ ನಾನು ಎಷ್ಟು ಹೆಂಗಸರ ಹೆಬ್ಬೆರಳು ಹಿಡಿದಿದ್ದೆ! ಶಸ್ತ್ರಚಿಕಿತ್ಸೆಯ ಹೆಸರು ಬರೆಯುವ ಜಾಗ ಖಾಲಿಯಿದ್ದಾಗಲೇ ಒತ್ತಿಸಿ, ಆಮೇಲೆ ತುಂಬುವುದು ನಮ್ಮ ರೂಢಿ. ಎಲ್ಲರಿಗೂ ನಾನು ಹೇಳುತ್ತಿದ್ದುದು ಅದೇ ಒಂದು ವಾಕ್ಯ. ಅದನ್ನು ನಾನು ಶುಶ್ರೂಷೆ ಎಂದುಕೊಂಡಿದ್ದೆ.

"ನಾನು ಓದಿ ಹೇಳ್ತೀನಿ ಕಣವ್ವ" ಎಂದೆ.

"ಎಲ್ಲಾನೂ ಯೋಳ್ಬೇಕು. ಒಂದಕ್ಸರ ನುಂಗುದ್ರೂ ಗೊತ್ತಾಯ್ತದೆ. ಸುಳ್ಳು ಯೋಳುವಾಗ ನೀನು ಕಿವಿ ಮುಟ್ಕತೀಯ."

ಮರುದಿನ, ಮೂರನೆಯ ಬೆಳಿಗ್ಗೆ, ಸರ್ಜನ್ ಬರುವ ಮುಂಚೆಯೇ ಹೊಸದೊಂದು ಒಪ್ಪಿಗೆ ಪತ್ರ ತಂದು ಅವಳ ಹಾಸಿಗೆಯ ಮೇಲೆ ಹರಡಿದೆ. ಅದು ಇಂಗ್ಲಿಷಿನಲ್ಲಿತ್ತು. ಸಾಲಿಗೆ ಬೆರಳಿಟ್ಟು ಕನ್ನಡದಲ್ಲಿ ಹೇಳುತ್ತ ಹೋದೆ. ರಕ್ತ ಹೆಚ್ಚು ಹೋಗಬಹುದು. ಗಾಯ ಮಾಯದೆ ಇರಬಹುದು. ಅರಿವಳಿಕೆಯಿಂದ ತೊಂದರೆಯಾಗಬಹುದು. ಸಾವೂ ಸಂಭವಿಸಬಹುದು ಎಂಬ ಸಾಲನ್ನೂ ಬಿಡದೆ ಓದಿದೆ. ಇಂಥ ಸಾಲುಗಳನ್ನು ರೋಗಿಗೆ ಕೇಳಿಸಬಾರದೆಂದು ನಾವೆಲ್ಲ ನಂಬಿದ್ದೆವು. ಅವ್ವ, "ಸಾಯದು ಎಲ್ರುಗೂ ಬರ್ದಿರದೇಯ, ಅದುಕ್ಯಾಕೆ ಎಬ್ಬೆಟ್ಟು? ಮುಂದುಕ್ ಓದು" ಎಂದಳು.

ಮುಂದಿನ ಸಾಲು, ವೈದ್ಯರಿಗೆ ಅಗತ್ಯವೆನಿಸಿದ ಬೇರಾವುದೇ ಶಸ್ತ್ರಚಿಕಿತ್ಸೆಗೂ ಇದೇ ಒಪ್ಪಿಗೆ ಸಲ್ಲುತ್ತದೆ ಎಂಬುದು. ಅವ್ವ ಎದ್ದು ಕುಳಿತಳು. "ಇದೇ ಕಣ್ ಮಗ. ಇಂಥದ್ರಲ್ಲೇ ಮೋಸ ಇರದು. ಎಲ್ಡು ಬೆಳ್ಳು ಅಂತ ಯೋಳಿ ತೊಡೆಗಂಟ ಬಂದ್ರೆ?"

ಅಷ್ಟರಲ್ಲಿ ಸರ್ಜನ್ ರೌಂಡ್ಸಿಗೆ ಬಂದರು. ಹಿಂದೆ ಇನ್‌ಚಾರ್ಜ್ ಸಿಸ್ಟರ್. ದೊಡ್ಡವರ ಮುಂದೆ ಒಂದು ಪದ ತಪ್ಪಾದೀತೆಂದು ಸದಾ ಅಂಜುವವಳು ನಾನು. ಆದರೂ ಹೇಳಿದೆ. "ಸರ್, ಖಾಲಿ ಜಾಗದಲ್ಲಿ ಯಾವ ಕಾಲು, ಯಾವ ಬೆರಳು ಅಂತ ತಾವು ಈಗಲೇ ಬರೆಯಬೇಕು. ಈ ಸಾಲಿನ ಪಕ್ಕದಲ್ಲಿ, ಪ್ರಾಣಾಪಾಯದ ಸಂದರ್ಭ ಬಿಟ್ಟು ಇದಕ್ಕಿಂತ ಹೆಚ್ಚು ತೆಗೆಯುವ ಮುಂಚೆ ಮತ್ತೆ ಕೇಳುತ್ತೇವೆ ಅಂತ ಬರೆಯಬೇಕು. ಕನ್ನಡದಲ್ಲಿ ಬರೆಯಬೇಕು."

"ಏನಮ್ಮ ಇದು ಹೊಸ ವರಸೆ?" ಎಂದರು ಇನ್‌ಚಾರ್ಜ್ ಸಿಸ್ಟರ್.

ಸರ್ಜನ್ ಗಡಿಯಾರ ನೋಡಿಕೊಂಡರು, ಅವ್ವನ ಕಾಲು ನೋಡಿದರು, ಪೆನ್ನು ತೆಗೆದರು. "ಎಷ್ಟೋ ವರ್ಷ ಆಯ್ತು ಕನ್ನಡ ಬರೆದು" ಎನ್ನುತ್ತ ಎರಡನ್ನೂ ಬರೆದರು. ಅಕ್ಷರ ದುಂಡಗಿರಲಿಲ್ಲ. ನಾನು ಅದನ್ನೂ ಗಟ್ಟಿಯಾಗಿ ಓದಿದೆ.

"ಇನ್ನೂ ಬೆಳ್ಳಗೈತಲ್ಲ ಇಲ್ಲಿ?" ಎಂದು ಅವ್ವ ಪುಟದ ಕೆಳಭಾಗ ತೋರಿಸಿದಳು. ನಾನು ಅಲ್ಲಿ ಗೀಟು ಎಳೆದೆ. "ಇಲ್ಲಿ?" ಅಲ್ಲಿಯೂ ಎಳೆದೆ. ಹಿಂಬದಿ ತಿರುಗಿಸಿ ನೋಡಿ, ಪೂರ್ತಿ ಖಾಲಿಯಿದ್ದ ಆ ಪುಟಕ್ಕೂ ಮೂಲೆಯಿಂದ ಮೂಲೆಗೆ ಗೀಟು ಎಳೆಸಿದಳು. ಆಸ್ಪತ್ರೆಯ ಮುದ್ರೆಯಿದ್ದ ಆ ಕಾಗದ ಮಕ್ಕಳು ಗೀಚಿದ ಸ್ಲೇಟಿನಂತಾಯಿತು. ಆಮೇಲೆ ಅವ್ವ ಪ್ಯಾಡನ್ನು ತಾನೇ ಹತ್ತಿರಕ್ಕೆ ಎಳೆದುಕೊಂಡು, ಯಾರೂ ಕೈ ಹಿಡಿಯದೆ, ಹೆಬ್ಬೆಟ್ಟು ಒತ್ತಿದಳು.

ಒಂದು ಗಂಟೆಯ ನಂತರ ಒತ್ತಡ ನೋಡಿದೆ. ಪೂರ್ತಿ ಸರಿಯಾಗಿತ್ತೆಂದರೆ ಸುಳ್ಳಾದೀತು. ಅರಿವಳಿಕೆ ವೈದ್ಯರು ಒಪ್ಪುವಷ್ಟು ಇಳಿದಿತ್ತು. ಮಧ್ಯಾಹ್ನದೊಳಗೆ ಆಪರೇಷನ್ ಮುಗಿಯಿತು. ಎರಡೇ ಬೆರಳು ಹೋದವು. ಪಾದ ಉಳಿಯಿತು.

ಮರುದಿನ ಚನ್ನಪಟ್ಟಣದವಳ ಸರದಿ. "ನಂದೂ ಓದಿ ಯೋಳಿ ಸಿಸ್ಟ್ರೇ. ಒಳ್ಗೆ ಎಷ್ಟ್ ಕಲ್ಲೈತೆ ಅಂತಾನೂ ಬರ್ಸಿ, ಆಮೇಕೆ ಕಮ್ಮಿ ಕೊಟ್ಬುಟ್ಟಾರು" ಎಂದಳು. ಅವಳದನ್ನೂ ಓದಿದೆ. ಅದರಾಚೆ ಕನಕಪುರದ ಒಬ್ಬ ಅಜ್ಜಿ ಕೈಸನ್ನೆ ಮಾಡಿ ಕರೆದಳು. ಅವಳದನ್ನೂ ಓದಿ, ಖಾಲಿ ಜಾಗಕ್ಕೆ ಗೀಟು ಎಳೆದೆ. ಅಂದು ಆಪರೇಷನ್ ಥಿಯೇಟರಿನ ಪಟ್ಟಿ ಸಂಜೆಯವರೆಗೆ ಎಳೆಯಿತು.

ಆ ವಾರದ ಕೊನೆಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ನನ್ನನ್ನು ಕಚೇರಿಗೆ ಕರೆಸಿದರು. ದಾಖಲೆ ವಿರೂಪಗೊಳಿಸಿದ್ದಕ್ಕೆ, ಕೆಲಸ ತಡವಾಗಿಸಿದ್ದಕ್ಕೆ ವಿಷಾದಿಸುತ್ತೇನೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂಬ ಪತ್ರವೊಂದು ಟೈಪಾಗಿ ಸಿದ್ಧವಿತ್ತು. ಇನ್‌ಚಾರ್ಜ್ ಸಿಸ್ಟರ್ ತಗ್ಗಿದ ದನಿಯಲ್ಲಿ, "ಒಂದು ಸಹಿ ಅಷ್ಟೇ ಕಣಮ್ಮ, ಹಾಕ್ಬಿಡು. ಫೈಲಿಗೆ ಸೇರುತ್ತೆ, ಮುಗಿದುಹೋಗುತ್ತೆ" ಎಂದರು. ನಾನು ಎರಡು ಸಲ ಓದಿದೆ. ಆ ಕೆಲಸ ಬಿಟ್ಟರೆ ನನಗೆ ಬೇರೊಂದು ಗೊತ್ತಿರಲಿಲ್ಲ.

"ರೋಗಿಗೆ ಗೊತ್ತಾಗುವ ಭಾಷೆಯಲ್ಲಿ ವಿವರಿಸಿದ ನಂತರ ಒಪ್ಪಿಗೆ ಪಡೆಯಲಾಗಿದೆ ಎಂದು ಆ ಒಪ್ಪಿಗೆ ಪತ್ರದಲ್ಲೇ ಅಚ್ಚಾಗಿದೆ, ಮೇಡಂ. ಅದು ಸುಳ್ಳಾಗದಂತೆ ನೋಡಿಕೊಂಡಿದ್ದೇನೆ. ಇದಕ್ಕೆ ವಿಷಾದ ಪಡಲು ನನ್ನಿಂದ ಆಗುವುದಿಲ್ಲ" ಎಂದು ಹೇಳಿ ಪತ್ರವನ್ನು ಮೇಜಿನ ಮೇಲಿಟ್ಟು ಬಂದೆ. ಮರುದಿನದಿಂದ ನನ್ನನ್ನು ವಾರ್ಡಿನಿಂದ ತೆಗೆದು ಹೊರರೋಗಿಗಳ ಇಂಜೆಕ್ಷನ್ ಕೋಣೆಗೆ ಹಾಕಿದರು.

ಅವ್ವನನ್ನು ಬಿಡುಗಡೆ ಮಾಡುವ ದಿನ ಮಾವ ಕಾರು ತಂದರು. "ನೋಡ್ದಾ ಅಕ್ಕ, ನಾ ಯೋಳ್ನಿಲ್ವಾ? ಒಂದು ಎಬ್ಬೆಟ್ಟು, ಅಷ್ಟೇಯ" ಎಂದು ನಕ್ಕರು.

ಅವ್ವ ಮಂಚದ ಮೇಲೆ ಕಟ್ಟು ಹಾಕಿದ ಕಾಲು ಇಳಿಬಿಟ್ಟು ಕುಳಿತಿದ್ದಳು. ದನಿ ಏರಿಸಲಿಲ್ಲ. "ಎಲ್ಡು ಬೆಳ್ಳು ಓಯ್ತದೆ ಅಂತ ಗೊತ್ತಿದ್ದೇ ಕೊಟ್ಟೆ ಕಣಪ್ಪ. ಮೂರೇ ದಿನ ನನ್ ಮೊಕ ಕಂಡಿರೋ ಡಾಕ್ಟ್ರು, ನಾ ಕೇಳುದ್ದುಕ್ಕೆ ನಿಂತ್ಕಂಡು ಬರ್ದುಕೊಟ್ಟ. ನೀನು ನನ್ ಬೆನ್ನಿಂದೆ ಉಟ್ಟೋನು. ನೀನು ಗೊತ್ತಾಗ್ದಂಗೆ ತಕ್ಕಂಡೆ."

ಮಾವನ ಮುಖ ಕೆಂಪಾಯಿತು. "ಯಾವ್ ಕಾಲುದ್ ಮಾತು ಎತ್ತುತಿದ್ದೀಯಕ್ಕ, ಇಷ್ಟ್ ಜನುದ್ ಮುಂದೆ..."

"ಆವತ್ತು ಜನ ಇರ್ನಿಲ್ಲ. ಅದುಕ್ಕೇ ಇವತ್ತು ಯೋಳ್ತಿರದು. ನಿನ್ ಕಾರು ನೀ ತಕ್ಕಂಡೋಗು. ನಾವು ಆಟೋದಲ್ ಓಯ್ತೀವಿ."

ನಾನು ಆಟೋ ಕರೆದೆ. ದಾರಿಯುದ್ದಕ್ಕೂ ಅವ್ವ ಅತ್ತಳು. ನಾನು ಸಮಾಧಾನ ಹೇಳಲಿಲ್ಲ, ಅವಳ ಪಕ್ಕ ಕುಳಿತಿದ್ದೆ.

ಇದಾದ ನಂತರ ನಮ್ಮ ಮನೆಯಲ್ಲಿ ಆದ ಬದಲಾವಣೆಗಳನ್ನು ಇದ್ದಂತೆ ಹೇಳುತ್ತೇನೆ. ಅವ್ವನಿಗೆ ಈಗ ಹೊಲದ ಕೆಲಸ ಆಗುವುದಿಲ್ಲ. ಸೊಪ್ಪು ತರುವುದು, ಹುಳು ಮನೆ ಗುಡಿಸುವುದು ಅಪ್ಪನ ಪಾಲಿಗೆ ಬಿದ್ದಿದೆ, ವರ್ಷಕ್ಕೆ ಎರಡು ಬೆಳೆ ಕಡಿಮೆಯಾಗಿದೆ. ಮಾವನ ಮನೆಗೂ ನಮಗೂ ಹೋಗಿಬರುವುದು ನಿಂತಿದೆ. ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ. ನನ್ನ ತಮ್ಮನ ಮದುವೆಯ ಮಾತು ಮುರಿಯಿತು, ಅವನು ಕೆಲವು ತಿಂಗಳು ನನ್ನೊಡನೆ ಮಾತಾಡಲಿಲ್ಲ, ಈಗ ಆಡುತ್ತಾನೆ. ಆ ಹಳೆಯ ಪತ್ರದ ನಕಲು ಪಡೆದು ಅವ್ವನಿಗೆ ಪೂರ್ತಿ ಓದಿ ಹೇಳಿದ್ದೇನೆ. ಅವಳು ದಾವೆ ಹಾಕಿದ್ದಾಳೆ. ಜಮೀನು ಸಿಕ್ಕಿಲ್ಲ, ಸಿಗುತ್ತದೆಂಬ ಭರವಸೆಯನ್ನು ವಕೀಲರೂ ಕೊಟ್ಟಿಲ್ಲ. ನಾನು ಆ ಆಸ್ಪತ್ರೆ ಬಿಟ್ಟು ಕನಕಪುರದ ಇನ್ನೊಂದು ಆಸ್ಪತ್ರೆಗೆ ಸೇರಿದೆ. ಸಂಬಳ ಕಡಿಮೆ. ಊರಿಗೆ ಬರುವುದು ತಿಂಗಳಿಗೊಮ್ಮೆ.